ಕೆಂಪು ಬಂಗಾರವೂ ಅದರ ಒರೆಗಲ್ಲೂ

ಬಂಗಾರದ ಬಣ್ಣ ಯಾವುದೆಂದು ಕೇಳಿದರೆ ನಗದವರಾರು? ಅದು ಹಳದಿಯೆಂಬುದು ಮಗುವಿಗೂ ತಿಳಿದ ಮಾತು. ನಮ್ಮ ಊರಿನ ಅಕ್ಕಸಾಲಿಯು ಕರಿಯ ಒರೆಗಲ್ಲಿನ ಮೇಲೆ ಒಡವೆಯನ್ನು ಉಜ್ಜಿ, ಅಲ್ಲಿ ಮೂಡಿದ ಹಳದಿ ಗೆರೆಯನ್ನು ನೋಡಿಯೇ ಅದರ ಬೆಲೆಯನ್ನು ಕಟ್ಟುತ್ತಿದ್ದನು. ಆದರೆ ಅದೇ ಬಂಗಾರವು ಕೆಂಪು ಗೆರೆಯಾಗಿ ವಾಚಕರಲ್ಲಿ ಅನೇಕರ ಮನೆಗೆ ಬಂದು ಹೋಗಿದೆಯೆಂದು ನಾವು ಹೇಳಿದರೆ ನಂಬುವುದು ತುಸು ಕಷ್ಟವಾದೀತು.

ಮದುವೆಯಾಗಿ ಕೆಲವು ವರ್ಷ ಸಂದ ಬಳಿಕ ಔಷಧದ ಅಂಗಡಿಯಿಂದ ಗರ್ಭಪರೀಕ್ಷೆಯ ಪಟ್ಟಿಯನ್ನು ತಂದು, ಬಾಗಿಲನ್ನು ಮುಚ್ಚಿಕೊಂಡು, ಒಂದು ಗೆರೆಯೋ ಎರಡು ಗೆರೆಯೋ ಎಂದು ಉಸಿರು ಬಿಗಿಹಿಡಿದು ಕಾದ ಗೃಹಿಣಿಯನ್ನು ನೆನೆಯಿರಿ. 2020ರಲ್ಲಿ ಪ್ರಾರಂಭವಾದ ಮಹಾಮಾರಿಯ ದಿನಗಳಲ್ಲಿ, ಮೂಗಿನ ದ್ರವವನ್ನು ಇಂಥದೇ ಪಟ್ಟಿಗೆ ಹಾಕಿಸಿ, ಹತ್ತು ಹದಿನೈದು ನಿಮಿಷ ಅದರ ಮೇಲೆಯೇ ಕಣ್ಣನ್ನು ನೆಟ್ಟು ಕುಳಿತ ಕುಟುಂಬಗಳನ್ನು ನೆನೆಯಿರಿ. ಆ ಪಟ್ಟಿಗಳಲ್ಲಿ ಬಹುಪಾಲು ಪಟ್ಟಿಗಳ ಮೇಲೆ ಮೂಡಿದ ಕೆಂಪು ಗೆರೆಯು ಬಣ್ಣದ ಮಸಿಯಲ್ಲ, ಅಪ್ಪಟ ಬಂಗಾರ. ಪವನಿನ ಲೆಕ್ಕಕ್ಕೆ ಸಿಕ್ಕದಷ್ಟು ಅಲ್ಪವಾದ ಬಂಗಾರವೇ ಹೌದು. ಆದರೆ ಆ ಹೊತ್ತಿನಲ್ಲಿ ಕೊರಳಿನ ಸರಕ್ಕಿಂತ ಹೆಚ್ಚು ಬೆಲೆಯುಳ್ಳದ್ದು.

ಹಳದಿ ಬಂಗಾರವು ಕೆಂಪಾದುದು ಹೇಗೆ? ಅದನ್ನು ಕೆಂಪಾಗಿಸುವವರು ತಾವು ಮಾಡಿದ ವಸ್ತು ಇಂಥದೇ ಎಂಬುದನ್ನು ತಿಳಿಯುವುದು ಹೇಗೆ? ಈ ಎರಡು ಪ್ರಶ್ನೆಗಳಲ್ಲಿ ಮೊದಲನೆಯದು ಕುತೂಹಲದ್ದು, ಎರಡನೆಯದು ನಂಬಿಕೆಯದು. ಮಾಡುವ ಕೆಲಸಕ್ಕಿಂತ ಮಾಡಿದುದನ್ನು ಅರಿಯುವ ಕೆಲಸವೇ ಹಿರಿದೆಂಬುದನ್ನು ವಾಚಕರ ಮುಂದಿಡಬೇಕೆಂಬುದು ಈ ಲೇಖನದ ಉದ್ದೇಶವಾಗಿದೆ.

ಅರಿಯದೆ ಮಾಡಿದವರು

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಲೈಕರ್ಗಸ್ ಎಂಬ ಅರಸನ ಕಥೆಯನ್ನು ಕೆತ್ತಿರುವ ಒಂದು ಗಾಜಿನ ಪಾತ್ರೆಯಿದೆ. ಅದು ಕ್ರಿಸ್ತಶಕ 4ನೆಯ ಶತಮಾನದ ರೋಮನ್ ಕೆಲಸಗಾರರ ಕೃತಿ. ಹೊರಗಿನಿಂದ ಬೆಳಕು ಬಿದ್ದಾಗ ಅದು ಹಸಿರಾಗಿ ಕಾಣುತ್ತದೆ. ಒಳಗೆ ದೀಪವನ್ನಿಟ್ಟರೆ ಮಾಣಿಕ್ಯದಂತೆ ಕೆಂಪಗೆ ಹೊಳೆಯುತ್ತದೆ. ಈ ಮಾಯೆಯ ಗುಟ್ಟು ಬಹುಕಾಲ ಯಾರಿಗೂ ತಿಳಿಯಲಿಲ್ಲ. 1990ರ ಸುಮಾರಿಗೆ ಅದರ ಒಂದು ಚೂರನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದಾಗ, ಗಾಜಿನೊಳಗೆ ಬೆಳ್ಳಿ ಬಂಗಾರಗಳು ಬೆರೆತ ಅತಿಸೂಕ್ಷ್ಮ ಕಣಗಳು ಹುದುಗಿರುವುದು ಕಂಡುಬಂದಿತು. 17ನೆಯ ಶತಮಾನದ ಜರ್ಮನಿಯಲ್ಲಿಯೂ ಬಂಗಾರದಿಂದ ಕೆಂಪು ಗಾಜನ್ನು ಮಾಡುವ ವಿದ್ಯೆ ಬೆಳೆದಿತ್ತು.

ಈ ಕುಶಲರು ಮಾಡಿದರು, ನಿಜ. ಆದರೆ ಏನು ಮಾಡಿದೆವೆಂಬುದನ್ನು ಅರಿಯಲಿಲ್ಲ. ಅರಿಯದ ವಿದ್ಯೆಯು ಒಬ್ಬನ ಕೈಯಲ್ಲಿ ಹುಟ್ಟಿ ಅವನ ಕೈಯೊಡನೆಯೇ ಮುಗಿಯುವುದುಂಟು.

ಫ್ಯಾರಡೆಯ ಶೀಸೆಗಳು

ಅರಿವಿನ ಮೊದಲ ಹೆಜ್ಜೆಯನ್ನಿಟ್ಟವನು ಮೈಕೇಲ್ ಫ್ಯಾರಡೆ. ಕಮ್ಮಾರನ ಮಗನಾಗಿ ಹುಟ್ಟಿ, ಪುಸ್ತಕಕ್ಕೆ ರಟ್ಟು ಕಟ್ಟುವವನ ಅಂಗಡಿಯಲ್ಲಿ ದುಡಿದು, ಅಲ್ಲಿಗೆ ಬಂದ ಪುಸ್ತಕಗಳನ್ನು ಓದಿಯೇ ವಿಜ್ಞಾನಿಯಾದ ಈ ಮಹನೀಯನ ಹೆಸರು ವಿದ್ಯುಚ್ಛಕ್ತಿಯ ಇತಿಹಾಸದಲ್ಲಿ ಚಿರಪರಿಚಿತವಾದುದು. ತನ್ನ ಅರುವತ್ತೈದನೆಯ ವಯಸ್ಸಿನಲ್ಲಿ ಅವನು ಬಂಗಾರದ ಬಣ್ಣಗಳನ್ನು ಕುರಿತು ನೂರಾರು ಪ್ರಯೋಗಗಳನ್ನು ನಡೆಸಿ, 1857ನೆಯ ಇಸವಿಯ ಫೆಬ್ರವರಿಯಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಉಪನ್ಯಾಸವನ್ನಿತ್ತನು.

ಅವನು ಮೊದಲು ಹಿಡಿದುದು ಬಂಗಾರದ ರೇಕನ್ನು. ಮೈಸೂರು ಶೈಲಿಯ ಚಿತ್ರಗಳಲ್ಲಿ ದೇವರ ಕಿರೀಟಕ್ಕೆ ಅಂಟಿಸುವಂತಹ ತೆಳು ರೇಕನ್ನು ಬೆಳಕಿಗೆ ಎದುರಾಗಿ ಹಿಡಿದರೆ, ಅದರ ಮೂಲಕ ಹಾದುಬರುವ ಬೆಳಕು ಹಸಿರಾಗಿರುತ್ತದೆ. ಅನಂತರ ಅವನು ಬಂಗಾರದ ಕ್ಲೋರೈಡನ್ನು ನೀರಿನಲ್ಲಿ ಕರಗಿಸಿ, ಕಾರ್ಬನ್ ಡೈಸಲ್ಫೈಡಿನಲ್ಲಿ ಕರಗಿದ ರಂಜಕದೊಡನೆ ಸೇರಿಸಿದನು. ದ್ರವವು ಮಾಣಿಕ್ಯದ ಕೆಂಪನ್ನು ತಾಳಿತು. ನೋಡಲು ಅದು ಕರಗಿದ ಬಣ್ಣದಂತೆ ನಿರ್ಮಲವಾಗಿಯೇ ಇತ್ತು. ಆದರೆ ಅದರೊಳಗೆ ಒಂದು ಬೆಳಕಿನ ಕೋಲನ್ನು ಹಾಯಿಸಿದಾಗ, ಬೆಳಕಿನ ಹಾದಿಯು ದ್ರವದ ನಡುವೆ ಎದ್ದು ಕಂಡಿತು. ಊರ ಮನೆಯ ಮಾಡಿನ ಬೆಳಕಿಂಡಿಯಿಂದ ಇಳಿಯುವ ಬಿಸಿಲುಕೋಲಿನಲ್ಲಿ ಧೂಳಿನ ಕಣಗಳು ಕಾಣುವುದಿಲ್ಲವೇ? ಅದೇ ನ್ಯಾಯ. ಕರಗಿದ ವಸ್ತುವಾಗಿದ್ದರೆ ಹಾದಿ ಕಾಣಕೂಡದು. ಕಂಡಿತೆಂದ ಮೇಲೆ ಅಲ್ಲಿ ಕಣಗಳು ಇರಲೇಬೇಕು. ಈ ಕೆಂಪು ದ್ರವದಲ್ಲಿರುವುದು ಬಂಗಾರದ ಲವಣವಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಒಡೆದ ಬಂಗಾರವೇ ಎಂದು ಫ್ಯಾರಡೆಯು ಸಾರಿದನು.

ಮತ್ತೊಂದು ಸಂಗತಿಯನ್ನೂ ಅವನು ಕಂಡನು. ಆ ಕೆಂಪು ದ್ರವಕ್ಕೆ ಚಿಟಿಕೆ ಅಡಿಗೆಯ ಉಪ್ಪನ್ನು ಹಾಕಿದರೆ ಅದು ನೀಲಿಯಾಗುತ್ತದೆ! ಇದರ ಅರ್ಥವನ್ನು ಮುಂದೆ ನೋಡೋಣ. ಫ್ಯಾರಡೆಯ ಶೀಸೆಗಳಲ್ಲಿ ಕೆಲವು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಇಂದಿಗೂ ಇವೆ; ನೂರ ಅರುವತ್ತು ವರ್ಷಗಳಿಗೂ ಮಿಕ್ಕ ಕಾಲ ಸಂದರೂ ಬಣ್ಣವು ಮಾಸಿಲ್ಲ.

ಗಾತ್ರವೇ ಗುಣ

ಇಂತಹ ಕಣಗಳನ್ನು ಅಳೆಯುವ ಮಾನಕ್ಕೆ ನ್ಯಾನೊಮೀಟರ್ ಎಂದು ಹೆಸರು. ಒಂದು ಮಿಲಿಮೀಟರಿನಲ್ಲಿ ಹತ್ತು ಲಕ್ಷ ನ್ಯಾನೊಮೀಟರುಗಳಿವೆ. 1ರಿಂದ 100 ನ್ಯಾನೊಮೀಟರಿನವರೆಗಿನ ಗಾತ್ರದ ಕಣಗಳನ್ನು ನ್ಯಾನೊಕಣಗಳೆಂದು ಕರೆಯುವುದು ರೂಢಿ. 20 ನ್ಯಾನೊಮೀಟರ್ ಅಡ್ಡಳತೆಯ ಒಂದು ಬಂಗಾರದ ಕಣದಲ್ಲಿ ಸುಮಾರು ಎರಡೂವರೆ ಲಕ್ಷ ಪರಮಾಣುಗಳು ಇರುತ್ತವೆ.

ಒಂದು ಗ್ರಾಂ ಬಂಗಾರವನ್ನು ಪಗಡೆಯ ದಾಳದಂತೆ ಘನವಾಗಿ ಎರಕಹೊಯ್ದರೆ, ಅದರ ಆರು ಮುಖಗಳ ಒಟ್ಟು ವಿಸ್ತಾರವು ಒಂದು ಚದರ ಸೆಂಟಿಮೀಟರನ್ನೂ ಮುಟ್ಟದು. ಅದೇ ಗ್ರಾಮನ್ನು 20 ನ್ಯಾನೊಮೀಟರಿನ ಗುಂಡುಗಳಾಗಿ ಒಡೆದರೆ, ಗುಂಡುಗಳ ಮೈಯ ಒಟ್ಟು ವಿಸ್ತಾರವು 15 ಚದರ ಮೀಟರುಗಳಾಗುತ್ತದೆ. ಅಂದರೆ ಮುಂಬಯಿಯ ಹಳೆಯ ಚಾಳಿನ ಒಂದು ಖೋಲಿಯ ನೆಲದಷ್ಟು! ಗುಂಡುಗಳ ಸಂಖ್ಯೆಯನ್ನು ಹೇಳಬೇಕಾದರೆ ಕೋಟಿಯನ್ನು ಕೋಟಿಯಿಂದ ಗುಣಿಸಿ, ಬಂದುದನ್ನು ಮತ್ತೆ ನೂರರಿಂದ ಗುಣಿಸಿದರೂ ಸಾಲದು.

ಮೈ ಹೆಚ್ಚಿದಂತೆ ನಡತೆಯೂ ಬದಲಾಗುವುದು. ಗಟ್ಟಿ ಬಂಗಾರವು ಕರಗಬೇಕಾದರೆ 1064 ಡಿಗ್ರಿ ಶಾಖ ಬೇಕು. ಎರಡು ಮೂರು ನ್ಯಾನೊಮೀಟರಿನ ಕಣವು ಅದಕ್ಕಿಂತ ನೂರಾರು ಡಿಗ್ರಿ ಕಡಿಮೆ ಶಾಖಕ್ಕೇ ಕರಗುತ್ತದೆ. ಯಾವ ವಸ್ತುವಿನೊಡನೆಯೂ ಸುಲಭವಾಗಿ ಬೆರೆಯದ ಬಂಗಾರವು, ಕೆಲವೇ ನ್ಯಾನೊಮೀಟರಿನ ಕಣವಾಗಿ ತಕ್ಕ ಆಧಾರದ ಮೇಲೆ ಕುಳಿತಾಗ, ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡನ್ನು ಸೊನ್ನೆ ಡಿಗ್ರಿಗಿಂತ ತಣ್ಣನೆಯ ಸ್ಥಿತಿಯಲ್ಲಿಯೂ ಉತ್ಕರ್ಷಿಸಬಲ್ಲುದೆಂದು ಜಪಾನಿನ ಹರುತ ಮತ್ತು ಸಂಗಡಿಗರು 1987ರಲ್ಲಿ ತೋರಿಸಿದರು.

ಇನ್ನು ಬಣ್ಣದ ಕಾರಣ. ಲೋಹದೊಳಗೆ ಯಾವ ಪರಮಾಣುವಿಗೂ ಕಟ್ಟುಬೀಳದ ಎಲೆಕ್ಟ್ರಾನುಗಳು ಸಂಚರಿಸುತ್ತಿರುತ್ತವೆ. ಕಣವು ಚಿಕ್ಕದಾದಾಗ, ಬೆಳಕಿನ ಅಲೆಯು ಬಡಿದೊಡನೆ ಅವೆಲ್ಲವೂ ತೊಟ್ಟಿಲು ತೂಗಿದಂತೆ ಒಟ್ಟಾಗಿ ಅತ್ತಿತ್ತ ಓಲಾಡುತ್ತವೆ. ತೊಟ್ಟಿಲಿಗೆ ತನ್ನದೇ ಆದ ಒಂದು ಲಯವಿರುವಂತೆ, ಈ ಓಲಾಟಕ್ಕೂ ಒಂದು ಲಯವುಂಟು. ಸುಮಾರು 20 ನ್ಯಾನೊಮೀಟರಿನ ಬಂಗಾರದ ಕಣದ ಲಯವು 520 ನ್ಯಾನೊಮೀಟರ್ ಅಲೆಯುದ್ದದ ಹಸಿರು ಬೆಳಕಿಗೆ ಹೊಂದುತ್ತದೆ. ಕಣವು ಹಸಿರನ್ನು ನುಂಗಿ ಕೆಂಪನ್ನು ಬಿಟ್ಟುಕೊಡುತ್ತದೆ. ಬೆಳ್ಳಿಯ ಕಣವಾದರೋ ನೇರಿಳೆಯನ್ನು ನುಂಗುವುದರಿಂದ ಅದರ ನೀರು ಹಳದಿಯಾಗಿರುತ್ತದೆ. ಬಂಗಾರವು ಕೆಂಪಾಗಿ ಬೆಳ್ಳಿಯು ಹಳದಿಯಾಗುವ ಈ ಲೋಕದ ಗಣಿತವನ್ನು ಜರ್ಮನಿಯ ಗುಸ್ತಾವ್ ಮೀ ಎಂಬ ವಿದ್ವಾಂಸನು 1908ರಲ್ಲಿ ಬಿಡಿಸಿಕೊಟ್ಟನು.

ಪಾಕದ ಹದ

ಮಾಡುವ ವಿಧಾನಗಳು ಹಲವು. ಅವುಗಳಲ್ಲಿ ಸರಳವೂ ಪ್ರಸಿದ್ಧವೂ ಆದುದು ಅಮೆರಿಕದ ಪ್ರಿನ್‌ಸ್ಟನ್ನಿನ ಜಾನ್ ತುರ್ಕೆವಿಚ್ ಮತ್ತು ಸಂಗಡಿಗರು 1951ರಲ್ಲಿ ವಿವರವಾಗಿ ಪರಿಶೀಲಿಸಿ ಪ್ರಕಟಿಸಿದ ವಿಧಾನ. ಬಂಗಾರದ ಕ್ಲೋರೈಡಿನ ಬಹು ತೆಳುವಾದ ದ್ರಾವಣವನ್ನು ಕುದಿಯಲಿಟ್ಟು, ನಿಂಬೆಯ ಹುಳಿಗೆ ಸಂಬಂಧಿಸಿದ ಲವಣವಾದ ಸೋಡಿಯಂ ಸಿಟ್ರೇಟಿನ ದ್ರಾವಣವನ್ನು ಅದಕ್ಕೆ ಒಮ್ಮೆಗೇ ಸುರಿದು ಕಲಕುತ್ತಾರೆ. ಮಸುಕು ಹಳದಿಯಾಗಿದ್ದ ದ್ರವವು ಮೊದಲು ಬಣ್ಣಗೆಡುತ್ತದೆ. ಬಳಿಕ ಕಪ್ಪುಮಿಶ್ರಿತ ನೀಲಿಯಾಗಿ, ನೇರಿಳೆಯಾಗಿ, ಕೆಲವು ನಿಮಿಷಗಳಲ್ಲಿ ದ್ರಾಕ್ಷಾರಸದ ಕೆಂಪಿಗೆ ಬಂದು ನಿಲ್ಲುತ್ತದೆ.

ಇಲ್ಲಿ ಸಿಟ್ರೇಟು ಎರಡು ಕೆಲಸಗಳನ್ನು ಮಾಡುತ್ತದೆ. ಒಂದು, ಲವಣದಲ್ಲಿ ಬಂಧಿತವಾದ ಬಂಗಾರವನ್ನು ಬಿಡಿಸಿ ಲೋಹವಾಗಿಸುವುದು. ಇನ್ನೊಂದು, ಹುಟ್ಟಿದ ಕಣಗಳ ಮೈಗೆ ಅಂಟಿ ಅವುಗಳಿಗೆ ಋಣವಿದ್ಯುತ್ತಿನ ಹೊದಿಕೆಯನ್ನು ಹೊದಿಸುವುದು. ಒಂದೇ ಜಾತಿಯ ವಿದ್ಯುತ್ತನ್ನು ಹೊತ್ತ ಕಣಗಳು ಒಂದನ್ನೊಂದು ದೂರ ತಳ್ಳುವುದರಿಂದ ಅವು ಗುಂಪುಗೂಡಲಾರವು. ಉಪ್ಪನ್ನು ಹಾಕಿದರೆ ಈ ತಳ್ಳಾಟವು ಅಡಗಿ ಕಣಗಳು ಒಂದಕ್ಕೊಂದು ಅಂಟುತ್ತವೆ. ಅಂಟಿದ ಗುಂಪಿನ ಲಯವೇ ಬೇರೆಯಾಗಿ ಕೆಂಪು ಬೆಳಕೂ ನುಂಗಿಹೋಗುತ್ತದೆ. ಫ್ಯಾರಡೆಯು ಕಂಡ ನೀಲಿಯ ಅರ್ಥವು ಇದೇ.

ಕಣಗಳೆಲ್ಲವೂ ಒಂದೇ ಗಾತ್ರಕ್ಕೆ ಬರಬೇಕಾದರೆ ಬೀಜಗಳೆಲ್ಲವೂ ಒಮ್ಮೆಗೇ ಮೊಳೆತು ಒಟ್ಟಿಗೇ ಬೆಳೆಯಬೇಕು. ಸಿಟ್ರೇಟು ಕಡಿಮೆಯಾದರೆ ಕಣಗಳು ಕೆಲವೇ ಆಗಿ ದಪ್ಪವಾಗುತ್ತವೆ. ಹೆಚ್ಚಾದರೆ ಹಲವಾಗಿ ಸಣ್ಣವಾಗುತ್ತವೆ. ಈ ಹದವನ್ನು ಬದಲಿಸುತ್ತ ಸುಮಾರು 15ರಿಂದ 150 ನ್ಯಾನೊಮೀಟರಿನವರೆಗೆ ಬೇಕಾದ ಗಾತ್ರವನ್ನು ಪಡೆಯಬಹುದೆಂದು ಫ್ರೆನ್ಸ್ ಎಂಬ ವಿಜ್ಞಾನಿಯು 1973ರಲ್ಲಿ ತೋರಿಸಿದನು. ಪಾತ್ರೆಯ ಶುದ್ಧಿಯಂತೂ ಮಡಿಯ ಅಡಿಗೆಮನೆಯನ್ನು ಮೀರಿಸುವಂತಹುದು. ಬಂಗಾರವನ್ನೇ ಕರಗಿಸುವ ಆಮ್ಲರಾಜದಿಂದ ಗಾಜಿನ ಪಾತ್ರೆಯನ್ನು ತೊಳೆದು, ಭಟ್ಟಿ ಇಳಿಸಿದ ನೀರಿನಲ್ಲಿ ಮತ್ತೆ ಮತ್ತೆ ಜಾಲಾಡಿಸಬೇಕು. ಹಿಂದಿನ ಪ್ರಯೋಗದ ಒಂದು ಕಣ ಉಳಿದರೂ ಅದೇ ಬೀಜವಾಗಿ ಪಾಕವು ಕೆಡುತ್ತದೆ.

ನಾಲ್ಕು ಸಾಕ್ಷಿಗಳು

ದ್ರವವು ಕೆಂಪಾಯಿತು. ಆದರೆ ಕಣಗಳು 15 ನ್ಯಾನೊಮೀಟರಿನವೋ 40ರವೋ? ಎಲ್ಲವೂ ಸಮವೋ, ಕೆಲವು ಸಣ್ಣವು ಕೆಲವು ದೊಡ್ಡವೋ? ಗುಂಡೋ, ಕಡ್ಡಿಯೋ, ತ್ರಿಕೋನವೋ? ಕಣ್ಣು ಇದಕ್ಕೆ ಉತ್ತರವನ್ನು ಕೊಡಲಾರದು. ಸಾಧಾರಣ ಸೂಕ್ಷ್ಮದರ್ಶಕವೂ ಕೊಡಲಾರದು. ಬೆಳಕಿನ ಅಲೆಗಿಂತಲೂ ಬಹಳ ಸಣ್ಣದಾದ ವಸ್ತುವಿನ ಆಕಾರವನ್ನು ಬೆಳಕು ಬಿಡಿಸಿ ತೋರಿಸದು. ವಿಯೆನ್ನಾದಲ್ಲಿ ಹುಟ್ಟಿದ ರಿಖಾರ್ಡ್ ಜಿಗ್ಮಾಂಡಿಯು ಸೀಡೆಂಟಾಫನ ನೆರವಿನಿಂದ 1903ರ ಹೊತ್ತಿಗೆ ನಿರ್ಮಿಸಿದ ಅತಿಸೂಕ್ಷ್ಮದರ್ಶಕದಲ್ಲಿ, ಕಣಗಳು ಕತ್ತಲೆಯ ಆಕಾಶದ ನಕ್ಷತ್ರಗಳಂತೆ ಚುಕ್ಕಿಚುಕ್ಕಿಯಾಗಿ ಕಂಡವು. ಆಕಾರ ಕಾಣದಿದ್ದರೂ ಎಣಿಸಲು ಸಾಧ್ಯವಾಯಿತು. ಎಣಿಕೆಯಿಂದ ಗಾತ್ರವನ್ನು ಊಹಿಸಲೂ ಸಾಧ್ಯವಾಯಿತು. 1925ನೆಯ ವರ್ಷದ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವು ಅವನಿಗೆ ಸಂದಿತು.

ಇಂದಿನ ಪ್ರಯೋಗಶಾಲೆಯು ಮುಖ್ಯವಾಗಿ ನಾಲ್ಕು ಸಾಕ್ಷಿಗಳನ್ನು ಕರೆಯುತ್ತದೆ. ಮೊದಲನೆಯದು ವರ್ಣಮಾಪಕ. ದ್ರವವು ಯಾವ ಅಲೆಯುದ್ದದ ಬೆಳಕನ್ನು ಎಷ್ಟು ನುಂಗಿತೆಂಬುದನ್ನು ಅದು ರೇಖೆಯಾಗಿ ಬರೆದುಕೊಡುತ್ತದೆ. ರೇಖೆಯ ಶಿಖರವು 520ರ ಬಳಿಯಲ್ಲಿ ಚೂಪಾಗಿದ್ದರೆ ಕಣಗಳು ಸಣ್ಣವು, ಬಿಡಿಬಿಡಿಯಾದವು. ಶಿಖರವು ಕೆಂಪಿನತ್ತ ಸರಿದು ಅಗಲವಾದರೆ ಅವು ದೊಡ್ಡವಾಗಿವೆ ಅಥವಾ ಗುಂಪುಗೂಡಿವೆ. ಈ ಸಾಕ್ಷಿಯು ಬೇಗನೆ ಮಾತಾಡುವುದು, ಆದರೆ ಸುಳಿವನ್ನಷ್ಟೆ ಕೊಡುವುದು.

ಎರಡನೆಯದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ; 1931ರಲ್ಲಿ ಜರ್ಮನಿಯ ಎರ್ನ್‌ಸ್ಟ್ ರುಸ್ಕಾ ಮತ್ತು ಮ್ಯಾಕ್ಸ್ ನೋಲ್ ಇದರ ಮೊದಲ ಮಾದರಿಯನ್ನು ನಿರ್ಮಿಸಿದರು. ಒಂದು ತೊಟ್ಟು ದ್ರವವನ್ನು ಮೂರು ಮಿಲಿಮೀಟರಿನ ತಾಮ್ರದ ಜಾಲರಿಯ ಮೇಲಿನ ತೆಳುಪೊರೆಯಲ್ಲಿ ಒಣಗಿಸಿ ನೋಡಿದರೆ ಕಣದ ಆಕಾರವು ಪ್ರತ್ಯಕ್ಷವಾಗುತ್ತದೆ. ಆದರೆ ಇಲ್ಲಿಯೂ ಮೋಸಹೋಗುವ ಸಂಭವವುಂಟು. ಒಣಗುವಾಗಲೇ ಕಣಗಳು ಗುಂಪುಗೂಡಬಹುದು. ನೋಡುವವನು ಚೆಂದದ ಮೂಲೆಯೊಂದನ್ನೇ ಆರಿಸಿ ಚಿತ್ರವನ್ನು ತೆಗೆಯಬಹುದು. ಆದುದರಿಂದ ನೂರಾರು ಕಣಗಳನ್ನು ಅಳೆದು, ಸರಾಸರಿಯನ್ನಲ್ಲದೆ ಏರಿಳಿತವನ್ನೂ ಹೇಳುವುದು ಪ್ರಾಮಾಣಿಕರ ಕ್ರಮ.

ಮೂರನೆಯದು ಎಕ್ಸ್-ಕಿರಣ. ಪರಮಾಣುಗಳು ಸಾಲುಗಟ್ಟಿ ನಿಂತ ಕ್ರಮವನ್ನು ನೋಡಿ ಇದು ಲೋಹರೂಪದ ಬಂಗಾರವೇ ಹೌದೆಂದು ಅದು ನುಡಿಯುತ್ತದೆ. ಕಿರಣದ ಗೆರೆಗಳು ಎಷ್ಟು ಅಗಲವಾಗಿವೆಯೆಂಬುದರಿಂದ ಸ್ಫಟಿಕದ ಗಾತ್ರವನ್ನು ತಿಳಿಯುವ ಸೂತ್ರವನ್ನು ಪೌಲ್ ಶೆರರ್ 1918ರಲ್ಲಿ ಕೊಟ್ಟನು. ನಾಲ್ಕನೆಯದು ಲೇಸರ್ ಬೆಳಕಿನ ಚೆದರಿಕೆ. ನೀರಿನಲ್ಲಿ ಸಣ್ಣ ಕಣವು ಚುರುಕಾಗಿಯೂ ದೊಡ್ಡದು ನಿಧಾನವಾಗಿಯೂ ತತ್ತರಿಸುವುದರಿಂದ, ಚೆದರಿದ ಬೆಳಕಿನ ಮಿನುಗನ್ನು ನೋಡಿ ಗಾತ್ರವನ್ನು ಲೆಕ್ಕಹಾಕುತ್ತಾರೆ.

ಒಂದೇ ಶೀಸೆಯ ಬಗ್ಗೆ ಈ ಸಾಕ್ಷಿಗಳು ಬೇರೆ ಬೇರೆ ಸಂಖ್ಯೆಗಳನ್ನು ಹೇಳುವುದುಂಟು. ಆದರೂ ಯಾವುದೂ ಸುಳ್ಳಾಡುತ್ತಿಲ್ಲ. ಎಲೆಕ್ಟ್ರಾನು ಲೋಹದ ತಿರುಳನ್ನು ಮಾತ್ರ ಅಳೆಯುತ್ತದೆ. ಲೇಸರು ಅದರ ಹೊದಿಕೆಯನ್ನೂ ಕೂಡಿಸಿ ಅಳೆಯುತ್ತದೆ. ಎಕ್ಸ್-ಕಿರಣವು ಒಂದು ಕಣದೊಳಗಿನ ಒಂದೊಂದು ಸ್ಫಟಿಕವನ್ನು ಅಳೆಯುತ್ತದೆ. ಅಲ್ಲದೆ, ಸಣ್ಣ ಕಣಗಳು ಚೆದರಿಸುವ ಬೆಳಕು ಅಡ್ಡಳತೆಯ ಆರನೆಯ ಘಾತಕ್ಕೆ ಅನುಸಾರವಾಗಿರುವುದರಿಂದ, 100 ನ್ಯಾನೊಮೀಟರಿನ ಒಂದು ಕಣವು 10 ನ್ಯಾನೊಮೀಟರಿನ ಹತ್ತು ಲಕ್ಷ ಕಣಗಳಿಗೆ ಸಮನಾಗಿ ಬೆಳಗುತ್ತದೆ. ಒಂದಿಷ್ಟು ಧೂಳು ಬಿದ್ದರೆ ಸಾಕು, ಲೇಸರಿನ ಸಾಕ್ಷಿಯು ದಾರಿತಪ್ಪುತ್ತದೆ. ಒಬ್ಬ ಸಾಕ್ಷಿಯ ಮಾತಿನಿಂದ ತೀರ್ಪನ್ನು ಕೊಡಬಾರದೆಂಬ ನ್ಯಾಯಸ್ಥಾನದ ವಿವೇಕವು ಪ್ರಯೋಗಶಾಲೆಗೂ ಸಲ್ಲುತ್ತದೆ.

ಗವತಿ ಚಹದಿಂದ ಬಂಗಾರದ ತ್ರಿಕೋನ

ಈ ವಿದ್ಯೆಯು ದೂರದೇಶದ್ದೆಂದು ವಾಚಕರು ಭಾವಿಸಬೇಕಾಗಿಲ್ಲ. ಕನ್ನಡಿಗರು ನೆಲಸಿರುವ ನಗರಗಳಲ್ಲಿಯೇ ಇದರ ಹಿರಿಯ ಕೆಲಸವು ನಡೆದಿದೆ. ಪುಣೆಯ ರಾಷ್ಟ್ರೀಯ ರಸಾಯನ ಪ್ರಯೋಗಶಾಲೆಯಲ್ಲಿ ಮುರಳಿ ಶಾಸ್ತ್ರಿಯವರೂ ಅವರ ಸಂಗಡಿಗರೂ ಶಿಲೀಂಧ್ರಗಳಿಂದಲೂ ಗಿಡದ ಎಲೆಗಳಿಂದಲೂ ಲೋಹದ ಕಣಗಳನ್ನು ಪಡೆದರು. 2004ರಲ್ಲಿ ಅವರು ಬೇವಿನ ಎಲೆಯ ಕಷಾಯದಿಂದ ಬೆಳ್ಳಿ ಬಂಗಾರಗಳ ಕಣಗಳನ್ನು ತೆಗೆದುದನ್ನು ಪ್ರಕಟಿಸಿದರು. ಅದೇ ವರ್ಷ, ಊರಿನಲ್ಲಿ ನಾವು ಮಜ್ಜಿಗೆಹುಲ್ಲೆಂದೂ ಮುಂಬಯಿ ಪುಣೆಗಳಲ್ಲಿ ಗವತಿ ಚಹವೆಂದೂ ಕರೆದು ಚಹಕ್ಕೆ ಹಾಕಿಕೊಳ್ಳುವ ಹುಲ್ಲಿನ ಕಷಾಯದಿಂದ ಬಂಗಾರದ ತೆಳು ತ್ರಿಕೋನಗಳನ್ನು ಬೆಳೆಸಿ ತೋರಿಸಿದರು.

ಅಂದಿನಿಂದ ಇಂಥ ಎಲೆ, ಅಂಥ ಬೇರು, ಇನ್ನೊಂದು ಸಿಪ್ಪೆ ಎಂದು ಲೇಖನಗಳ ಪ್ರವಾಹವೇ ಹರಿದಿದೆ. ಕಷಾಯವು ಬಣ್ಣಗೊಂಡಿತು ಎಂಬಲ್ಲಿಗೆ ಕೆಲಸವು ಮುಗಿಯಿತೆಂದು ತಿಳಿದವರೂ ಅವರಲ್ಲಿ ಇಲ್ಲದಿಲ್ಲ. ಪುಣೆಯ ಕೆಲಸವು ಬೆಲೆಯನ್ನು ಪಡೆದುದು ಹುಲ್ಲಿನಿಂದಲ್ಲ. ಹುಲ್ಲಿನಿಂದ ಹುಟ್ಟಿದುದು ತ್ರಿಕೋನವೆಂಬುದನ್ನು ಅಳೆದು ತೋರಿಸಿದುದರಿಂದ ಎಂಬುದನ್ನು ನಮ್ಮ ತರುಣ ಸಂಶೋಧಕರು ಮರೆಯಬಾರದು.

ಚೆನ್ನೈಯ ಐ.ಐ.ಟಿ.ಯಲ್ಲಿ ಟಿ. ಪ್ರದೀಪ್ ಅವರೂ ಸಂಗಡಿಗರೂ ಕೈಕೊಂಡ ಕೆಲಸವು ಕರಾವಳಿಯ ಜನರ ಮನಸ್ಸನ್ನು ವಿಶೇಷವಾಗಿ ಮುಟ್ಟತಕ್ಕುದು. ಕಾಸರಗೋಡಿನ ಗೇರುತೋಟಗಳ ಮೇಲೆ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು 2000ದವರೆಗೂ ವರ್ಷವರ್ಷವೂ ಆಕಾಶದಿಂದ ಸಿಂಪಡಿಸಲಾಗುತ್ತಿತ್ತು. ದಕ್ಷಿಣ ಕನ್ನಡದ ಗೇರುತೋಟಗಳ ಸುತ್ತಣ ಹಳ್ಳಿಗಳಿಂದಲೂ ಅದೇ ಸಂಕಟದ ಕೂಗು ಎದ್ದಿತು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿತು. ನೀರಿನಲ್ಲಿ ಬೆರೆತ ಈ ವಿಷವು ಕಣ್ಣಿಗೆ ಕಾಣದು. ಬಂಗಾರದ ನ್ಯಾನೊಕಣಗಳ ಕೆಂಪು ನೀರಿಗೆ ಎಂಡೋಸಲ್ಫಾನ್ ಸೇರಿದರೆ ಬಣ್ಣವು ಬದಲಾಗುವುದನ್ನು ಪ್ರದೀಪರ ತಂಡವು 2003ರಲ್ಲಿ ಪ್ರಕಟಿಸಿತು. ಬೆಳ್ಳಿ ಬಂಗಾರಗಳ ಕಣಗಳು ಕೆಲವು ಕೀಟನಾಶಕಗಳನ್ನು ನೀರಿನಿಂದ ಹೀರಿ ತೆಗೆಯಬಲ್ಲವೆಂಬುದನ್ನೂ ಅವರು ತೋರಿಸಿದರು. ಮುಂದೆ ಇದೇ ತತ್ತ್ವವು ಮನೆಯ ನೀರಿನ ಸೋಸುಕಕ್ಕೂ ಬಂದಿತು. ಕಾಣದ ವಿಷವನ್ನು ಕಾಣದ ಕಣವು ಕಣ್ಣಿಗೆ ಕಾಣಿಸುವುದೆಂದರೆ ಅದೇನು ಸಣ್ಣ ಸೇವೆಯೇ?

ಒರೆಗೆ ಹಚ್ಚದ ವ್ಯಾಪಾರ

ಆದರೆ ಕಾಣದ ವಸ್ತುವಿನ ವ್ಯಾಪಾರದಲ್ಲಿ ವಂಚನೆಗೂ ಅವಕಾಶ ಹೆಚ್ಚು. ಬೆಳ್ಳಿಯ ಕಣಗಳ ನೀರನ್ನು ಸರ್ವರೋಗಗಳಿಗೂ ಮದ್ದೆಂದು ಮಾರುವವರು ಹಲವು ದೇಶಗಳಲ್ಲಿದ್ದಾರೆ. ಇಂತಹ ನೀರನ್ನು ಬಹುಕಾಲ ಕುಡಿದವರ ಚರ್ಮವು ಬೂದಿನೀಲಿಯ ಬಣ್ಣಕ್ಕೆ ತಿರುಗುವುದುಂಟು. ತಿರುಗಿದ ಬಣ್ಣವು ಸಾಮಾನ್ಯವಾಗಿ ಮತ್ತೆ ಹೋಗದು. ವೈದ್ಯರ ಚೀಟಿಯಿಲ್ಲದೆ ಮಾರುವ ಇಂತಹ ಬೆಳ್ಳಿಮದ್ದುಗಳನ್ನು ಸುರಕ್ಷಿತವೂ ಪರಿಣಾಮಕಾರಿಯೂ ಎಂದು ಒಪ್ಪಲಾಗದೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು 1999ರಲ್ಲಿಯೇ ಸಾರಿತು.

ನಮ್ಮ ಸ್ವರ್ಣಭಸ್ಮದ ವಿಚಾರದಲ್ಲಿಯೂ ಇದೇ ವಿವೇಕವು ಬೇಕು. ಪುಟವಿಟ್ಟು ಬಂಗಾರವನ್ನು ಭಸ್ಮಮಾಡುವ ಪದ್ಧತಿಯು ಪುರಾತನವಾದುದು, ಗೌರವಕ್ಕೆ ಅರ್ಹವಾದುದು. ಅದರಲ್ಲಿ ನ್ಯಾನೊಗಾತ್ರದ ಬಂಗಾರದ ಸ್ಫಟಿಕಗಳಿರುವುದು ಪರೀಕ್ಷೆಯಿಂದ ಕಂಡಿದೆ. ಅವು ಒಂದಕ್ಕೊಂದು ಅಂಟಿ ದೊಡ್ಡ ಗುಂಡುಗಳಾಗಿರುವುದೂ ಕಂಡಿದೆ. ಆದರೆ ಕಣವು ಸಣ್ಣದೆಂದ ಮಾತ್ರಕ್ಕೆ ಗುಣವು ಸಿದ್ಧವಾಗದು. ಗಾತ್ರವನ್ನು ಅಳೆಯುವುದು ಒಂದು ಪರೀಕ್ಷೆ, ರೋಗವನ್ನು ಕಳೆಯುವುದು ಇನ್ನೊಂದು ಪರೀಕ್ಷೆ. ಮೊದಲನೆಯದನ್ನು ತೋರಿಸಿ ಎರಡನೆಯದಕ್ಕೆ ಬೆಲೆಯನ್ನು ಕೇಳುವುದು ಸಲ್ಲದು.

ಕೊನೆಯದಾಗಿ ಆ ಪಟ್ಟಿಗೇ ಮರಳೋಣ. ಗರ್ಭಪರೀಕ್ಷೆಯ ಪಟ್ಟಿಯಲ್ಲಿ ಬಂಗಾರದ ಕಣಗಳ ಮೈಗೆ ಪ್ರತಿಕಾಯವೆಂಬ ಪ್ರೋಟೀನನ್ನು ಅಂಟಿಸಿರುತ್ತಾರೆ. ಗರ್ಭಿಣಿಯ ಮೂತ್ರದಲ್ಲಿರುವ ಒಂದು ವಿಶಿಷ್ಟ ಹಾರ್ಮೋನನ್ನು ಅದು ಹಿಡಿಯುತ್ತದೆ; ಕಾಗದದ ಮೇಲೆ ಹರಿದುಹೋಗುವಾಗ ಗೊತ್ತಾದ ಗೆರೆಯಲ್ಲಿರುವ ಇನ್ನೊಂದು ಪ್ರತಿಕಾಯವು ಹಾರ್ಮೋನಿನೊಡನೆ ಕಣವನ್ನೂ ಹಿಡಿದು ನಿಲ್ಲಿಸುತ್ತದೆ. ಲೆಕ್ಕವಿಲ್ಲದಷ್ಟು ಕಣಗಳು ಬಂದು ನಿಂತಲ್ಲಿ ಕೆಂಪು ಗೆರೆಯು ಮೂಡುತ್ತದೆ. ಕಣಗಳ ಗಾತ್ರವು ತಪ್ಪಿದ್ದರೆ, ಹೊದಿಕೆಯು ಕೆಟ್ಟು ಅವು ಗುಂಪುಗೂಡಿದ್ದರೆ, ಮೂಡಬೇಕಾದ ಗೆರೆಯು ಮೂಡದೆ ಹೋಗಬಹುದು. ಮೂಡಬಾರದಲ್ಲಿ ಮಸುಕು ಕಲೆಯೊಂದು ಮೂಡಬಹುದು. ಒಂದು ಮನೆಯ ಹರ್ಷವೋ ನಿರಾಶೆಯೋ ಆಗ ಸುಳ್ಳಾಗಿಬಿಡುತ್ತದೆ.

ಪಟ್ಟಿಯನ್ನು ಕೈಯಲ್ಲಿ ಹಿಡಿದು ನಿಂತವಳಿಗೆ ನ್ಯಾನೊಮೀಟರಿನ ಲೆಕ್ಕವು ತಿಳಿಯದು; ತಿಳಿಯಬೇಕಾಗಿಯೂ ಇಲ್ಲ. ಅವಳ ಪರವಾಗಿ ಎಲ್ಲಿಯೋ ಯಾರೋ ಒಬ್ಬರು ಶೀಸೆಯನ್ನು ಆಮ್ಲರಾಜದಲ್ಲಿ ತೊಳೆದು, ಬಣ್ಣದ ಶಿಖರವನ್ನು ನೋಡಿ, ನೂರಾರು ಕಣಗಳನ್ನು ಒಂದೊಂದಾಗಿ ಅಳೆದು, ಸರಿಯಿಲ್ಲದ್ದನ್ನು ಚೆಲ್ಲಿರಬೇಕು. ಊರಿನ ಅಕ್ಕಸಾಲಿಯ ಒರೆಗಲ್ಲಿನಲ್ಲಿ ನಮ್ಮ ಹಿರಿಯರು ಇಟ್ಟಿದ್ದುದು ಇಂತಹ ನಂಬಿಕೆಯನ್ನೇ. ಕಲ್ಲಿನ ಸ್ಥಾನಕ್ಕೆ ಯಂತ್ರವು ಬಂದಿದೆ. ಹಳದಿ ಗೆರೆಯ ಸ್ಥಾನಕ್ಕೆ ಕೆಂಪು ಗೆರೆಯು ಬಂದಿದೆ. ಒರೆಗೆ ಹಚ್ಚುವ ಕೈಯ ಪ್ರಾಮಾಣಿಕತೆಗೆ ಮಾತ್ರ ಬದಲಿಲ್ಲ.